ಕಂಟೇನರ್ ಪೂಜೆ, ಕಕ್ಕಸಿನ ಬೀಗ

“ಉಚ್ಚೆಗೆ ಎಷ್ಟ್ ಸಲ ಓಯ್ತೀಯಮ್ಮೀ? ಕಂಟೇನರ್‌ನ ನಿಮ್ಮಪ್ಪ ಬಂದು ತುಂಬ್ತಾನಾ?”

ಸೂಪರ್‌ವೈಸರ್ ಗುರುಪ್ರಕಾಶ ಹೀಗೆ ಉಗಿದದ್ದು ನಮ್ಮ ಕೆಂಪಹನುಮಕ್ಕನಿಗೆ. ಅಂತರಸನಹಳ್ಳಿಯ ಕೊಬ್ಬರಿ ತುರಿ ಫ್ಯಾಕ್ಟರಿಯಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುವ ಹೆಂಗಸರು ನಾವು. ಬೆಳಿಗ್ಗೆ ಗುಬ್ಬಿ ಬಸ್ಸಿಳಿದು ಕೂತರೆ ಸಂಜೆವರೆಗೂ ಕೈ ಕಾಯಿನೀರಲ್ಲೇ. ಕೊರೋನಾದಲ್ಲಿ ಫಾರಿನ್ ಆರ್ಡರ್ ನಿಂತಾಗ ನಮ್ಮನ್ನು ಮನೆಗೆ ಅಟ್ಟಿ, ರೋಗ ಹರಡುತ್ತದೆಂದು ನಮ್ಮ ಕಕ್ಕಸಿಗೆ ಬೀಗ ಜಡಿದರು. ಆಮೇಲೆ ದುಬೈ ತೆರೆಯಿತು, ಜರ್ಮನಿ ತೆರೆಯಿತು, ನಮ್ಮನ್ನೂ ಕರೆಸಿಕೊಂಡರು. ಕಕ್ಕಸು ಮಾತ್ರ ತೆರೆಯಲಿಲ್ಲ. ಅದರೊಳಗೆ ಈಗ ಖಾಲಿ ಚೀಲಗಳ ಸಂಸಾರ.

ನಾವು ಕಾಂಪೌಂಡಿನಾಚೆ ಪೊದೆಗೆ ಹೋಗಬೇಕು. ಲಾರಿ ಡ್ರೈವರುಗಳು ಬೀಡಿ ಸೇದುತ್ತ ನಿಲ್ಲುವುದೂ ಅಲ್ಲೇ. ನಾಚಿಕೆಗೆ ಕೆಂಪಹನುಮಕ್ಕ ನೀರು ಕುಡಿಯುವುದನ್ನೇ ಬಿಟ್ಟು ಉರಿಮೂತ್ರ ಹಚ್ಚಿಕೊಂಡಿದ್ದಳು. ಸಿಪ್ಪೆ ಹೆರೆಯುವಾಗಲೂ ಹಲ್ಲು ಕಚ್ಚಿಯೇ ಕೂತಿರುತ್ತಿದ್ದಳು.

ಅವತ್ತು ಕೊರೋನಾ ಕಳೆದ ಮೇಲಿನ ಮೊದಲ ದೊಡ್ಡ ಆರ್ಡರ್ ಜರ್ಮನಿಗೆ ಹೊರಡುವ ದಿನ. ಕಂಟೇನರಿಗೆ ಸೇವಂತಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಕುಣಿಗಲ್ಲಿನಿಂದ ಬಂದ ಪುರೋಹಿತರು ನಮ್ಮತ್ತ ಕೈ ಬೀಸಿದರು.

“ಮಡೀಲಿದೀನಿ, ಇವರೆಲ್ಲ ಸ್ವಲ್ಪ ದೂರ ನಿಲ್ಲಲಿ.”

ಕಂಟೇನರಿನೊಳಗಿನ ಪ್ರತಿ ಚೂರೂ ನಾವು ಮುಟ್ಟಿದ್ದೇ. ಜರ್ಮನಿಯವರಿಗೆ ಮಡಿ ಇಲ್ಲವೇನೋ.

ಓನರ್ ಲಕ್ಷ್ಮೀಕಾಂತ್ ಮೈಕ್ ಹಿಡಿದರು. “ಲೋಕದ ಬಾಗಿಲೆಲ್ಲ ತೆರೀತು ಕಣ್ರಮ್ಮ. ನೀವೆಲ್ಲ ನನ್ ಫ್ಯಾಮಿಲಿ. ಏನ್ ಬೇಕೋ ಕೇಳಿ.”

ಕೆಂಪಹನುಮಕ್ಕ ಕೇಳಿಯೇಬಿಟ್ಟಳು. “ಕಕ್ಕಸಿನ್ ಬೀಗ ತೆಗ್ಸಿ ಸ್ವಾಮಿ.”

ಕುರ್ಚಿಯಲ್ಲಿದ್ದ ಬೆಂಗಳೂರಿನ ಎಕ್ಸ್‌ಪೋರ್ಟ್ ಏಜೆಂಟ್ ಕಿಸಕ್ಕನೆ ನಕ್ಕ. ಓನರ್ ಮುಖ ಕೆಂಪಾಯಿತು. “ಪೂಜೆ ಟೈಮಲ್ಲಿ ಎಂಥ ಹೊಲಸು ಮಾತು? ಲಡ್ಡು ತಗೊಂಡು ಕೆಲ್ಸಕ್ಕೆ ಹೋಗ್ರೇ.”

ಕೆಂಪಹನುಮಕ್ಕ ಲಡ್ಡು ಮುಟ್ಟಲಿಲ್ಲ. ನೆಟ್ಟಗೆ ಆಫೀಸಿನೊಳಗೆ ನಡೆದಳು. ಓನರ್‌ನ ಬಿಳಿ ಟೈಲ್ಸಿನ ಟಾಯ್ಲೆಟ್ ಹೊಕ್ಕು ಚಿಲಕ ಹಾಕಿಕೊಂಡಳು. ನಾನು ಹೋಗಿ ಬಾಗಿಲಲ್ಲಿ ನಿಂತೆ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು. ಗುರುಪ್ರಕಾಶ ಬೋಳಿ, ಮುಂಡೆ ಎಂದು ಬಾಯಿಗೆ ಬಂದದ್ದೆಲ್ಲ ಅಂದ. ಯಾರೂ ಕದಲಲಿಲ್ಲ.

ಸ್ವಲ್ಪ ಹೊತ್ತಿಗೆ ಓನರ್ ಏಜೆಂಟನ್ನು ಕರೆದುಕೊಂಡು ಬಂದು ಬಾಗಿಲು ಬಡಿದರು. “ತೆಗಿಯೇ, ಸಾಹೇಬ್ರಿಗೆ ಅರ್ಜೆಂಟು.”

“ನಮ್ಗೂ ಅರ್ಜೆಂಟೇ ಸ್ವಾಮಿ,” ಅಂದಳು ಕೆಂಪಹನುಮಕ್ಕ ಒಳಗಿನಿಂದ. “ಹಿಂದಕ್ಕೋಗಿ ಲೈನಾಗೆ ನಿಂತ್ಕಳಾಕ್ ಹೇಳಿ.”

ಏಜೆಂಟ್ ಓನರ್ ಮುಖ ನೋಡಿದ, ನಮ್ಮ ಸಾಲು ನೋಡಿದ. ಆಮೇಲೆ ಕಾಲು ಹೆಣೆದುಕೊಂಡೇ ಹೋಗಿ ಕೊನೆಯಲ್ಲಿ ನಿಂತ. ಪಂಚೆ ಹಿಡಿದುಕೊಂಡು ಬಂದ ಪುರೋಹಿತರು ಅವನ ಹಿಂದೆ ನಿಂತರು.