ಬಲಮೀಸೆ

"ಏನೋ ಕೇಳ್ತಾ ಇದೆ ಭಾವ," ಎಂದಳು ನಾದಿನಿ. "ಈ ಫೈಲಿಂದು ಉಳಿಸದೆ ಬಿಟ್ಟಿರೋ ಪ್ರತಿ ಒಂದಿದೆಯಂತೆ. ಅದನ್ನ ತೆರೀಲಾ, ಇಲ್ಲಾ ಅಳಿಸ್ಲಾ ಅಂತ."

ಮೇಷ್ಟ್ರು ಮೇಜಿನ ಅಂಚನ್ನು ಎಡಗೈಯಿಂದ ಸವರುತ್ತ ಕೂತರು. ಈ ಪ್ರಶ್ನೆ ಬಂದೇ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅದಕ್ಕೆ ಹೆದರಿಯೇ, ಹೆಂಡತಿ ಹೋದ ಮೇಲೆ ಆ ಕಂಪ್ಯೂಟರಿನ ಮೇಲಿನ ಬಟ್ಟೆಯನ್ನು ತೆಗೆಸಿರಲಿಲ್ಲ. ಯಾರೂ ಉಳಿಸು ಎನ್ನದಿದ್ದರೂ ಬೆರಳು ಒತ್ತಿದ್ದನ್ನೆಲ್ಲ ಒಂದು ಮೂಲೆಯಲ್ಲಿ ಎತ್ತಿಟ್ಟುಕೊಂಡು, ಮುಂದಿನ ಸಲ ಬಂದು ಕೂತವರನ್ನು ಕೇಳುವುದು, ಪ್ರೋಗ್ರಾಮು ಬರೆಯಲು ಬಳಸುವ ಆ ಎಡಿಟರಿನ ಗುಣ. ಹಿಂದೆ ಆ ಗುಣವನ್ನು ಅವರು ಹೊಗಳುತ್ತಿದ್ದರು.

ಅಳಿಸು ಎಂದುಬಿಟ್ಟರೆ ಆಗಿತ್ತು. ಹಳೆಯ ಪ್ರತಿ ತೆರೆದುಕೊಳ್ಳುತ್ತಿತ್ತು. ಬೇಕಾದ ಸಾಲುಗಳನ್ನು ಹೊಸದಾಗಿ ಹೇಳಿ ಬರೆಸಬಹುದಿತ್ತು. ನಾದಿನಿಗೆ ಏನೂ ತಿಳಿಯುತ್ತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ.

"ತೆರಿ," ಎಂದರು.

ಬೆಳಿಗ್ಗೆ ಬಟ್ಟೆ ಗಿರಣಿಯಿಂದ ಫೋನು ಬಂದಿತ್ತು. ಬಣ್ಣ ಹಾಕುವ ವಿಭಾಗದ ಸೂಪರ್‌ವೈಸರು ತುಂಬ ಹಿಂಜರಿಯುತ್ತಲೇ ಮಾತಾಡಿದ್ದ. ಹಳೆಯ ಕಪ್ಪು ಬಣ್ಣ ತಳ ಕಂಡಿದೆ, ಅಮ್ಮಾವ್ರು ಇದ್ದಾಗಲೇ ಹೇಳಿದ್ದ ಬೇರೆ ಕಂಪನಿಯ ಕಪ್ಪಿನ ಡ್ರಮ್ಮನ್ನು ನಾಳೆ ಒಡೆಯಬೇಕು, ಅದು ಮೊದಲಿನದಕ್ಕಿಂತ ಗಾಢ. ಯಾವ ಬಟ್ಟೆಗೆ ಯಾವ ಬಣ್ಣ ಎಷ್ಟು ಬೆರೆಸಬೇಕೆಂದು ಲೆಕ್ಕ ಹಾಕಿಕೊಡುವುದು ಮೇಷ್ಟ್ರು ಬರೆದ ಪ್ರೋಗ್ರಾಮು. ಅದು ಹಳೆಯ ಅಳತೆಯನ್ನೇ ಹೇಳಿದರೆ ತೊಟ್ಟಿಗಿಳಿದ ಬಟ್ಟೆಯೆಲ್ಲ ಹಾಳು. ಆಗದಿದ್ದರೆ ಆಗುವುದಿಲ್ಲ ಎಂದುಬಿಡಿ ಮೇಷ್ಟ್ರೇ, ಯಾರೂ ತಪ್ಪು ತಿಳಿಯುವುದಿಲ್ಲ, ಮಾಲೀಕರು ಅಂಗಡಿಯಿಂದ ಸಿದ್ಧ ಪ್ರೋಗ್ರಾಮು ತರಿಸುತ್ತಾರಂತೆ ಎಂದು ಆತ ಕೊನೆಗೆ ಹೇಳಿದ. ಅವನ ದನಿಯಲ್ಲಿದ್ದ ಮರುಕ ಮೇಷ್ಟ್ರನ್ನು ಇರಿಯಿತು. ಆ ಪ್ರೋಗ್ರಾಮೊಂದನ್ನು ಬಿಟ್ಟರೆ ಜಗತ್ತಿನಲ್ಲಿ ಅವರ ಕೈಯಿಂದ ನಡೆಯುವುದು ಇನ್ನೇನೂ ಉಳಿದಿರಲಿಲ್ಲ. ಸಂಜೆಯೊಳಗೆ ಕಳಿಸುತ್ತೇನೆ ಎಂದು ಒಪ್ಪಿಕೊಂಡುಬಿಟ್ಟರು.

ಕಣ್ಣಿನ ನರ ಒಣಗುತ್ತ ಬಂದು ಅವರಿಗೆ ಈಗ ಬೆಳಕು ಕತ್ತಲೆಗಳ ವ್ಯತ್ಯಾಸ ಬಿಟ್ಟರೆ ಬೇರೆ ತಿಳಿಯದು. ಹಾಗಾದ ಮೇಲೂ ಕೆಲಸ ನಿಲ್ಲಲಿಲ್ಲ, ಏಕೆಂದರೆ ಹೆಂಡತಿ ಕಣ್ಣಾದಳು. ಅವಳಿಗೆ ಪ್ರೋಗ್ರಾಮಿನ ತಲೆಬುಡ ಗೊತ್ತಿರಲಿಲ್ಲ. ಪರದೆಯ ಮೇಲಿದ್ದದ್ದನ್ನು ಓದುವುದು, ಇವರು ಹೇಳಿದ್ದನ್ನು ಒತ್ತುವುದು, ಅಷ್ಟೇ. ಗುರುತುಗಳ ಇಂಗ್ಲಿಷ್ ಹೆಸರು ಬಾಯಿಗೆ ಬಾರದೆ ತಾನೇ ಹೆಸರಿಟ್ಟುಕೊಂಡಳು. ಕೆಳಗೆ ಬಾಲವಿರುವ ಚುಕ್ಕೆ ಬಾಲಚುಕ್ಕಿ. ಅಡ್ಡ ಉದ್ದ ಗೆರೆಗಳದು ಬೇಲಿ. ಸಾಲುಗಳ ಗುಂಪೊಂದನ್ನು ಒಳಗಿಟ್ಟು ಕಾಯುವ ಡೊಂಕು ಆವರಣಗಳಿಗೆ ಎಡಮೀಸೆ, ಬಲಮೀಸೆ. ಮೊದಮೊದಲು ಮೇಷ್ಟ್ರು ನಕ್ಕರು. ವರ್ಷಗಳಾದ ಮೇಲೆ ಅವರ ತಲೆಯೊಳಗೂ ಪ್ರೋಗ್ರಾಮು ಆ ಮಾತುಗಳಲ್ಲೇ ಓಡತೊಡಗಿತು. ಬರೆದದ್ದರಲ್ಲಿ ತಪ್ಪು ಹುಡುಕಿ ಯಂತ್ರದ ಭಾಷೆಗೆ ತಿರುಗಿಸುವ, ಎಂದರೆ ಕಂಪೈಲ್ ಮಾಡುವ ಗುಂಡಿ ಒತ್ತುವ ಮುನ್ನ ಅವಳು ಪ್ರತಿ ಸಲವೂ "ದೇವರೇ, ನಡೆಸಿಕೊಡಪ್ಪ" ಎನ್ನುತ್ತಿದ್ದಳು. ದೇವರಿಗೆ ಬೇರೆ ಕೆಲಸವಿಲ್ಲವೇ ಎಂದು ಇವರು ಗದರುತ್ತಿದ್ದರು. ಸಾಲುಸಾಲು ತಪ್ಪುಗಳು ಬಂದು, ಇವರು ಮಾತ್ರ ತಮ್ಮ ಲೆಕ್ಕ ಸರಿಯಾಗಿಯೇ ಇದೆ ಎಂದು ವಾದಿಸಿದಾಗ, ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಬಿಡಿ ಎಂದು ಅವಳು ಸೇಡು ತೀರಿಸಿಕೊಳ್ಳುತ್ತಿದ್ದಳು.

ಅವಳದು ಇನ್ನೊಂದು ಬೇಡಿಕೆಯಿತ್ತು. ಓದುವಾಗ ಇವರು ನಡುನಡುವೆ ಹೂಂ ಎನ್ನಬೇಕು. "ಇಲ್ಲದಿದ್ರೆ ಗೋಡೆಗೆ ಓದಿದ ಹಾಗಾಗುತ್ತೆ," ಎನ್ನುತ್ತಿದ್ದಳು. ಯೋಚನೆ ಕಡಿಯುತ್ತದೆಂದು ಮೇಷ್ಟ್ರು ಒಮ್ಮೆಯೂ ಹೂಂಗುಟ್ಟಲಿಲ್ಲ.

ನಾದಿನಿ ಬಂದದ್ದು ನಿನ್ನೆ. ಅಕ್ಕನ ಸೀರೆ, ಪೆಟ್ಟಿಗೆ ವಿಲೇವಾರಿ ಮಾಡಲು. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಒಬ್ಬರು ಮೂಲಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದದ್ದರ ಮೇಲೆ ಕಣ್ಣಿಡುವುದು ಅಲ್ಲಿನ ಪದ್ಧತಿ, ಓದುವವಳು ಇವಳು. ಅಲ್ಪವಿರಾಮವನ್ನೂ ಬಿಡದೆ, ಒಂದೇ ದನಿಯಲ್ಲಿ, ಕಲ್ಲು ಜೋಡಿಸಿದ ಹಾಗೆ ಓದುತ್ತಾಳೆ. ನಾಲಿಗೆಯೂ ಹರಿತ. ಸಹಾಯ ಕೇಳಿದಾಗ ಒಂದು ಮಾತು ಚುಚ್ಚಿಯೇ ಕುರ್ಚಿಗೆ ಬಂದಿದ್ದಳು.

"ಅಳಿಯಂದಿರು ಮಾತಾಡೋ ಯಂತ್ರ ಹಾಕಿಕೊಟ್ಟಿದ್ರಂತಲ್ಲ ಭಾವ. ಎಲ್ಲಾನೂ ಅದೇ ಓದಿ ಹೇಳುತ್ತಂತೆ. ಅದೇನಾಯ್ತು?"

"ಅದು ಓಡುತ್ತೆ. ಉಸಿರು ಬಿಡೋದೇ ಇಲ್ಲ."

"ಪಾಪ, ಅಕ್ಕ ಉಸಿರು ಬಿಡ್ತಿದ್ಳು. ಇಬ್ಬರಿಗೂ ಸಂಬಳ ಇಲ್ಲವಲ್ಲ, ಅದಕ್ಕೆ ನಿಮಗೆ ಅವಳೇ ವಾಸಿ ಅನ್ನಿಸ್ತು."

ಅವಳು ಅಂದದ್ದರಲ್ಲಿ ಸುಳ್ಳಿರಲಿಲ್ಲ. ಆ ಯಂತ್ರವನ್ನು ಕಲಿಯುವಂತೆ ಹೆಂಡತಿಯೂ ಹೇಳಿದ್ದಳು, ಬೇಸರದಿಂದಲ್ಲ, ನಾನು ಊರಿಗೆ ಹೋದಾಗ ನಿಮಗೆ ತೊಂದರೆ ಎಂದು. ಇವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಫೈಲು ತೆರೆದುಕೊಂಡಿತು. ಕಂಪೈಲ್ ಮಾಡು ಎಂದರು. ನಾದಿನಿ ದೇವರನ್ನು ನೆನೆಯದೆ ಗುಂಡಿ ಒತ್ತಿದಳು. ಆ ಮೌನ ಮೇಷ್ಟ್ರಿಗೆ ಹಲ್ಲು ಉದುರಿದ ಜಾಗದಂತೆ ತಾಗಿತು.

"ವಾರ್ನಿಂಗ್," ಎಂದು ಅವಳು ಮೊದಲಿನಿಂದ ಶುರು ಮಾಡಿದಳು. "ಎಲ್ಲೋ ಒಂದು ಹೆಸರು ಇಟ್ಟುಬಿಟ್ಟು, ಬಳಸೇ ಇಲ್ಲವಂತೆ. ಆಮೇಲೆ ಇನ್ನೊಂದು ವಾರ್ನಿಂಗ್..."

"ಅದೆಲ್ಲ ಬಿಡು. ಎರರ್ ಇದ್ರೆ ಓದು. ವಾರ್ನಿಂಗು ಬರೀ ಗೊಣಗಾಟ, ಕೆಲಸ ನಿಲ್ಲಿಸೋದಿಲ್ಲ."

"ಬರೆದದ್ದನ್ನ ಬಿಟ್ಟು ಓದಿ ಅಭ್ಯಾಸ ಇಲ್ಲ ನನಗೆ. ಅಕ್ಕ ಬಿಡ್ತಿದ್ಳಾ?"

ಬಿಡುತ್ತಿದ್ದಳು. ಶುರುವಿನಲ್ಲಿ ಅವಳೂ ಎಲ್ಲವನ್ನೂ ಓದುತ್ತಿದ್ದಳು. ಒಂದು ದಿನ ಇವರೇ ರೇಗಿ, ನಿಲ್ಲಿಸುವಂಥದ್ದಿದ್ದರೆ ಮಾತ್ರ ಹೇಳು, ಸಣ್ಣಪುಟ್ಟದ್ದಕ್ಕೆಲ್ಲ ನನ್ನ ತಲೆ ತಿನ್ನಬೇಡ ಎಂದಿದ್ದರು. ಅವಳು ಒಮ್ಮೆ ಹೇಳಿದ್ದನ್ನು ಮರೆಯುವವಳಲ್ಲ. ಅಂದಿನಿಂದ ಪರದೆಯ ಮೇಲಿನ ಗೊಣಗಾಟವನ್ನು ಬಿಟ್ಟಳು. ಮೇಷ್ಟ್ರು ಈಚೆಗೆ ಒಬ್ಬರೇ ಕೂತು ಯೋಚಿಸಿದಾಗ, ಅವಳು ಪರದೆಯ ಆಚೆಗಿನದನ್ನೂ ಹಾಗೆಯೇ ಬಿಟ್ಟಿದ್ದಳೆಂದು ತೋರುತ್ತಿತ್ತು. ಮೆಟ್ಟಿಲು ಹತ್ತಿ ಬಂದು ಏದುತ್ತಿದ್ದದ್ದು ಇವರ ಕಿವಿಗೆ ಬಿದ್ದಿತ್ತು. ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ.

ಎರರ್ ಒಂದೇ ಇತ್ತು. ಫೈಲು ಮುಗಿದುಹೋಯಿತು, ಆದರೆ ಎಲ್ಲೋ ತೆರೆದದ್ದು ಮುಚ್ಚಿಲ್ಲ ಎಂಬರ್ಥದ್ದು. ಕಂಪೈಲರು ಬೆರಳು ತೋರಿಸಿದ್ದು ಕೊನೆಯ ಸಾಲಿಗೆ.

"ಹಾಗಾದ್ರೆ ಕೊನೇಲಿ ಒಂದು ಹಾಕಿಬಿಡ್ಲಾ?" ಎಂದಳು ನಾದಿನಿ.

ಕೂಡದು ಎಂದು ಮೇಷ್ಟ್ರು ವಿವರಿಸಿದರು. ಬಿಟ್ಟುಹೋದದ್ದು ಅಲ್ಲಿ ಅಲ್ಲ, ಮೇಲೆಲ್ಲೋ. ಪಾಪದ ಕಂಪೈಲರು ಈಗ ಮುಚ್ಚಬಹುದು, ಇನ್ನು ಮುಚ್ಚಬಹುದು ಎಂದು ಕೊನೆಯವರೆಗೂ ಕಾಯುತ್ತದೆ. ದಾರಿ ಮುಗಿದ ಮೇಲೆಯೇ ಅದಕ್ಕೆ ಕೂಗುವುದು ಗೊತ್ತು. ಕೊನೆಯಲ್ಲಿ ಒಂದು ಅಂಟಿಸಿದರೆ ಅದರ ಬಾಯಿ ಮುಚ್ಚುತ್ತದೆ, ಆದರೆ ಕಪ್ಪಿನ ಲೆಕ್ಕ ಇನ್ನಾವುದೋ ಬಣ್ಣದ ಲೆಕ್ಕದೊಳಗೆ ಸೇರಿ ಬಟ್ಟೆ ಕೆಡುತ್ತದೆ. ಅಷ್ಟು ಹೇಳುವಾಗ, ಎಲ್ಲಿ ಬಿಟ್ಟಿದೆ ಎಂಬುದು ತಮಗೆ ಗೊತ್ತೇ ಇಲ್ಲವೇನೋ ಎಂಬಂತೆ ದನಿಯನ್ನು ಸಮ ಮಾಡಿಕೊಂಡರು.

ಇಂಥ ತಪ್ಪು ಈ ಮನೆಯಲ್ಲಿ ಮಾತ್ರ ಆಗಲು ಸಾಧ್ಯವಿತ್ತು. ಒಂದು ಆವರಣ ತೆರೆದರೆ ಎಡಿಟರು ತಾನೇ ಇನ್ನೊಂದನ್ನು ಹಾಕಿ ಮುಚ್ಚುತ್ತದೆ. ಆದರೆ ಇವರು ಬಲಮೀಸೆ ಎಂದಾಗ ಹೆಂಡತಿ ನಿಷ್ಠೆಯಿಂದ ಒತ್ತುತ್ತಿದ್ದಳು. ಅದೂ ಮುಚ್ಚಿ ಅವಳೂ ಮುಚ್ಚಿ ಎಲ್ಲೆಲ್ಲೂ ಜೋಡಿ ಮೀಸೆಗಳಾದವು. ಅಳಿಯ ಬಂದಾಗ ಮೇಷ್ಟ್ರು ಅವನ ಕೈಲಿ ಆ ಸೌಕರ್ಯವನ್ನೇ ತೆಗೆಸಿಹಾಕಿದ್ದರು. ನಮ್ಮ ಮನೆಯಲ್ಲಿ ಮುಚ್ಚೋದಕ್ಕೆ ನಾನಿದ್ದೀನಿ ಎಂದು ಅವಳು ಅವನೆದುರು ಬೀಗಿದ್ದಳು.

ನಾದಿನಿ ಮೊದಲ ಸಾಲಿನಿಂದ ಓದಲು ತೊಡಗಿದಳು. ಮೇಷ್ಟ್ರು ತೆರೆದಾಗ ಒಂದು ಬೆರಳು ಮಡಿಸಿ, ಮುಚ್ಚಿದಾಗ ಬಿಡಿಸಿದರು. ಅವಳು ಕರ್ಲಿ ಬ್ರಾಕೆಟ್ ಎಂದಾಗಲೆಲ್ಲ ಅದು ಎಡದ್ದೋ ಬಲದ್ದೋ ತಿಳಿಯದೆ ತಡವರಿಸಿದರು. ಕೊನೆಗೆ ತಡೆಯಲಾರದೆ, ಎಡಮೀಸೆ, ಬಲಮೀಸೆ, ಬಾಲಚುಕ್ಕಿ ಅನ್ನು ಎಂದರು. ಅವಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ, ಅಕ್ಕನ ಬುದ್ಧಿಯೇ ಬುದ್ಧಿ ಎಂದು ಮೂಗಿನಲ್ಲೇ ನಕ್ಕಳು. ಆಮೇಲೆ ಹಾಗೆಯೇ ಓದಿದಳು.

ಕೆಂಪು ಹೋಯಿತು, ನೀಲಿ ಹೋಯಿತು. ಬಿಡಿಸಿದ ಬೆರಳುಗಳು ಪ್ರತಿ ಸಲ ಸರಿಯಾದವು. ಕಪ್ಪು ಬಂದಾಗ ಮೇಷ್ಟ್ರು ಒಂದು ಬೆರಳು ಮಡಿಸಿ ಕೂತರು.

"ಹೊಸ ಕಪ್ಪಾದರೆ ಅಳತೆ ಇಷ್ಟು, ಬಾಲಚುಕ್ಕಿ," ಎಂದು ಓದಿ ನಾದಿನಿ ನಿಂತಳು. "ಆಮೇಲೆ ಖಾಲಿ ಸಾಲು. ಆಮೇಲೆ ಹಸಿರು ಶುರುವಾಗಿದೆ. ಇಲ್ಲೇ ಅಲ್ವಾ ಭಾವ? ಇಲ್ಲೇ ಬಿಟ್ಟಿರೋದು."

ಮೇಷ್ಟ್ರ ಬೆರಳೊಂದು ಮಡಿಸಿದ್ದು ಹಾಗೆಯೇ ಇತ್ತು.

ಹೆಂಡತಿ ಕೊನೆಯ ಸಲ ಇಲ್ಲಿ ಕೂತ ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಕಾಲ ಮೇಲೆ ಬಿದ್ದಿತ್ತು. ಬಾಲಚುಕ್ಕಿ ಎಂದು ಒತ್ತಿದವಳು, ಯಾಕೋ ತೋಳು ಒಂದೇ ಸಮ ಸೆಳೀತಿದೆ, ಒಂದು ಗುಟುಕು ನೀರು ಕುಡಿದು ಬರ್ತೀನಿ ಎಂದಳು. ಇದೊಂದು ಮುಚ್ಚಿಬಿಟ್ಟು ಏಳು ಎಂದರು ಇವರು. ಕುರ್ಚಿ ಸರಿದ ಸದ್ದು ಕೇಳಿತು. ಹೇಳಿದ ಮಾತನ್ನು ಅವಳು ಮೀರಿದ್ದು ಅದೇ ಮೊದಲಿರಬೇಕು. ಆ ಸಿಟ್ಟಿನಲ್ಲೇ ಕೂತರು. ಹಸಿರಿನ ಲೆಕ್ಕವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡರು. ಅಡುಗೆಮನೆಯಲ್ಲಿ ಲೋಟ ಬಿದ್ದದ್ದು ಕೇಳಿಸಿತು. ಕೈ ಜಾರಿರಬೇಕು ಎಂದುಕೊಂಡರು. ಬಹಳ ಹೊತ್ತಾದ ಮೇಲೆ, ಎಲ್ಲಿ ಹೋದೆ ಎಂದು ಗೋಡೆ ಹಿಡಿದು ನಡೆದಾಗ ಕಾಲಿಗೆ ಮೊದಲು ಸಿಕ್ಕಿದ್ದು ಒದ್ದೆ ನೆಲ, ಆಮೇಲೆ ಲೋಟ, ಆಮೇಲೆ ಅವಳು.

"ಅಕ್ಕ ಹೀಗೆ ಅರ್ಧಕ್ಕೆ ಬಿಡೋಳಲ್ಲ," ಎನ್ನುತ್ತಿದ್ದಳು ನಾದಿನಿ. "ರವಿಕೆ ಹೊಲಿದ್ರೆ ಕೊನೇ ಗುಂಡಿ ಹಾಕಿಯೇ ಊಟಕ್ಕೆ ಏಳ್ತಿದ್ಳು."

"ಅವಳು ಎದ್ದದ್ದೇ ಅಲ್ಲಿ," ಎಂದರು ಮೇಷ್ಟ್ರು.

ಕುರ್ಚಿ ಕಿರುಗುಟ್ಟುವುದು ನಿಂತಿತು. ರಸ್ತೆಯಲ್ಲಿ ಯಾರದೋ ಸೈಕಲ್ಲು ಗಂಟೆ ಬಾರಿಸಿ ದೂರವಾಯಿತು.

"ಏಳೋವಾಗ ಏನಾದ್ರೂ ಅಂದ್ಲಾ?"

"ಅಂದಳು."

ಏನು ಎಂದು ಅವಳು ಕೇಳುತ್ತಾಳೆಂದು ಮೇಷ್ಟ್ರು ಕಾದರು. ಕೇಳಿದರೆ ಹೇಳುವುದೆಂದು ನಿಶ್ಚಯಿಸಿಕೊಂಡರು. ಅವಳ ಹರಿತ ನಾಲಿಗೆ ಆಡಬಹುದಾದದ್ದನ್ನೆಲ್ಲ ಕೇಳಿಸಿಕೊಳ್ಳಲು ಸಿದ್ಧರಾಗಿಯೇ ಇದ್ದರು. ಅದು ಬಂದರೆ ಒಂದು ರೀತಿಯಲ್ಲಿ ಹಗುರವೆಂದೂ ಅನ್ನಿಸಿತು.

"ನನಗೂ ಅಂದಿದ್ಳು ಭಾವ," ಎಂದಳು ನಾದಿನಿ, ಬಹಳ ತಗ್ಗಿದ ದನಿಯಲ್ಲಿ. "ಹಿಂದಿನ ವಾರ ಫೋನಲ್ಲಿ. ತೋಳು ಸೆಳೀತದೆ ಕಣೇ ಅಂತ. ಎಣ್ಣೆ ತಿಕ್ಕಿ ಬಿಸಿನೀರು ಹುಯ್ಕೋ ಅಂದೆ. ಅಂದುಬಿಟ್ಟು ನನ್ನ ಸೊಸೆ ವಿಷಯ ಶುರು ಮಾಡ್ದೆ."

ಮೇಷ್ಟ್ರು ಅವಳ ಕಡೆ ಮುಖ ತಿರುಗಿಸಿದರು. ಈ ಮನೆಗೆ ಕಾಲಿಟ್ಟಾಗಿನಿಂದ ಅವಳು ಚುಚ್ಚಿದ್ದೆಲ್ಲ ಯಾರನ್ನು ಎಂದು ಈಗ ತಿಳಿಯಿತು. ಸಮಾಧಾನ ಹೇಳಬೇಕೆನ್ನಿಸಿತು. ದೇವರ ಇಚ್ಛೆ ಎನ್ನಬಹುದಿತ್ತು. ಅವರು ಅದನ್ನು ನಂಬಿದವರೇ. ಆದರೆ ಅವನ ಮೇಲೆ ಹಾಕಿ ತಾವು ಕೈ ತೊಳೆದುಕೊಂಡಂತೆ ಆಗುತ್ತದೆಂದು ಸುಮ್ಮನಾದರು.

"ಸ್ವಲ್ಪ ಸರಿ. ನಾನು ಒತ್ತುತ್ತೀನಿ," ಎಂದರು.

ಅವಳು ಕುರ್ಚಿ ಬಿಟ್ಟುಕೊಟ್ಟಳು. ಕೂತರೆ ಹತ್ತಿಯ ದಿಂಬು ಒಂದು ಕಡೆಗೆ ತಗ್ಗಿತ್ತು. ಹೆಂಡತಿ ಅಡುಗೆಮನೆಯ ಬದಿಗೆ ವಾಲಿ ಕೂರುತ್ತಿದ್ದವಳು. ಕೀಲಿಮಣೆಯ ಮೇಲೆ ಉಬ್ಬಿದ ಗುರುತನ್ನು ತಡವಿ, ಅಲ್ಲಿಂದ ಮೇಲಕ್ಕೆ, ಬಲಕ್ಕೆ ಬೆರಳು ಸರಿಸುತ್ತ ಹೋದರು. ಸಿಕ್ಕಿದ ಮೇಲೂ ತಕ್ಷಣ ಒತ್ತಲಿಲ್ಲ. ಒತ್ತಿದರೆ ಅವಳು ಎದ್ದುಹೋದ ಜಾಗ ಇನ್ನಿರುವುದಿಲ್ಲ; ಹಸಿರು ತಾನಾಗಿ ಮುಂದುವರಿಯುತ್ತದೆ. ಒತ್ತದಿದ್ದರೆ ನಾಳೆ ತೊಟ್ಟಿಯ ಮುಂದೆ ಆ ಸೂಪರ್‌ವೈಸರು ಕೈ ಹಿಸುಕಿಕೊಳ್ಳುತ್ತ ನಿಲ್ಲುತ್ತಾನೆ. ಒತ್ತಿದರು. ಮಡಿಸಿದ್ದ ಎಡಗೈ ಬೆರಳನ್ನು ಬಿಡಿಸಿದರು.

"ಬಿತ್ತಾ?"

"ಬಿತ್ತು. ಬಲಮೀಸೆ," ಎಂದಳು ನಾದಿನಿ.

ಕಂಪೈಲ್ ಮಾಡುವ ಗುಂಡಿಯ ಮೇಲೆ ಅವಳು ಕೈಯಿಟ್ಟಾಗ ಮೇಷ್ಟ್ರ ಬಾಯಿಂದ, ದೇವರೇ ನಡೆಸಿಕೊಡಪ್ಪ ಎಂದು ತಾನಾಗಿ ಬಂತು. ಅವಳು ಒತ್ತಿದಳು. ಎರರ್ ಇರಲಿಲ್ಲ. ಹೊಸ ಕಪ್ಪಿನ ಅಳತೆಯನ್ನು ಕೇಳಿ ನೋಡಿದರು. ಪ್ರೋಗ್ರಾಮು ಸರಿಯಾದದ್ದನ್ನೇ ಹೇಳಿತು. ಗಿರಣಿಗೆ ಕಳಿಸಿದ್ದೂ ಆಯಿತು. ಸೂಪರ್‌ವೈಸರು ಫೋನಿನಲ್ಲಿ ಸಂತೋಷಪಟ್ಟು, ನಾಳೆ ಬಟ್ಟೆಯ ತುಂಡೊಂದನ್ನು ತಂದು ತೋರಿಸುತ್ತೇನೆ ಎಂದವನು, ತೋರಿಸುತ್ತೇನೆ ಎಂದದ್ದಕ್ಕೆ ನಾಚಿ ಫೋನಿಟ್ಟ.

"ಇನ್ನು ಮುಚ್ಚಿಬಿಡ್ಲಾ ಭಾವ?" ನಾದಿನಿ ಬಟ್ಟೆಯನ್ನು ಕೈಗೆತ್ತಿಕೊಂಡಿದ್ದಳು. "ವಾರ್ನಿಂಗುಗಳು ಇನ್ನೂ ಹಾಗೇ ಇದಾವೆ. ಅವು ಗೊಣಗಾಟ ಅಂದ್ರಲ್ಲ."

"ಓದು," ಎಂದರು ಮೇಷ್ಟ್ರು.

"ಎಲ್ಲಾನೂ?"

"ಮೊದಲಿಂದ. ಯಾವುದನ್ನೂ ಬಿಡಬೇಡ."

ಅವಳು ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಓದಲು ಶುರು ಮಾಡಿದಳು. ಎಲ್ಲೋ ಒಂದು ಹೆಸರು ಇಟ್ಟು ಬಳಸೇ ಇಲ್ಲವಂತೆ. ಇನ್ನೆಲ್ಲೋ ಕೆಲಸ ಮುಗಿಸಿ ಬಂದ ಉತ್ತರವನ್ನು ಯಾರೂ ತೆಗೆದುಕೊಂಡಿಲ್ಲವಂತೆ. ಸಂಜೆಯ ಬೆಳಕು ಕಿಟಕಿಯಿಂದ ಸರಿದು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿತ್ತು. ಅತ್ತ ಮುಖ ಮಾಡಿ ಕೂತ ಮೇಷ್ಟ್ರು, ಅವಳು ಒಂದೊಂದನ್ನು ಓದಿ ನಿಲ್ಲಿಸಿದಾಗಲೂ, ಹೂಂ ಎಂದರು.