ಹೆಗ್ಗಣದ ಹದಿನೈದು ವರ್ಷ

ಬೆಳಗಿನ ಕಾಫಿಯ ಮೇಲೆ ಕೆನೆ ಸುಕ್ಕುಗಟ್ಟಿದೆ, ಥೂ, ಬೆರಳಿಂದ ಎತ್ತಿದರೆ ಜೋತುಬೀಳುತ್ತದೆ, ಒರೆಸಲು ಬಟ್ಟೆಯಿಲ್ಲ, ಕಂಪ್ಯೂಟರ್ ಪರದೆಯಲ್ಲಿ ನಾನು ಬರೆದ ಹೆಗ್ಗಣ ಬಾಯಿ ಕಳೆದು ನಿಂತಿದೆ, ಹದಿನೈದು ವರ್ಷದಿಂದ ಹೀಗೇ, ಸೋಮವಾರ ಗುರುವಾರ ತಪ್ಪದೆ, ಅರ್ಧ ಅಗಿದದ್ದು ಕಾಣುವ ಹಾಗೆ — ಓದುವವರಿಗೆ ಅದೇ ಬೇಕಂತೆ. ಮೊದಲು ನನ್ನ ಚಿತ್ರಕತೆಯಲ್ಲಿ ಮೂವರಿದ್ದರು, ಕಪ್ಪೆ, ಕಾಗೆ, ಹೆಗ್ಗಣ, ಒಂದೇ ಬಾಡಿಗೆ ಕೋಣೆ, ಕಪ್ಪೆಯೇ ನಾಯಕ, ಸಾಧು, ಕವಿತೆ ಬರೆಯುತ್ತಿದ್ದ, ಯಾರೂ ತಿರುಗಿ ನೋಡಲಿಲ್ಲ, ಎರಡನೇ ವರ್ಷ ಅವನನ್ನು ಊರು ಬಿಡಿಸಿದೆ, ಎಲ್ಲಿ ಹೋದ ಅಂತ ಒಬ್ಬರೂ ಕೇಳಲಿಲ್ಲ. ಹೆಗ್ಗಣ ಸೌತೆಕಾಯಿ ಅಗಿಯುತ್ತ ಮಾತಾಡಿ ಕಾಗೆಯ ಮುಖಕ್ಕೆ ಬೀಜ ಸಿಡಿಸಿದ ದಿನ ಜನ ಮುಗಿಬಿದ್ದರು, ವೆಬ್‌ಸೈಟೇ ಕುಸಿಯಿತು, ಆಮೇಲೆ ಬರೀ ಚಪ್ಪರಿಸುವುದು, ತೇಗುವುದು, ಹಲ್ಲಿಗೆ ಕಡ್ಡಿ ಹಾಕಿ ಕೆದಕಿ ಕಡ್ಡಿಯನ್ನೇ ನೆಕ್ಕುವುದು, ಕಾಗೆಗೆ ಮದುವೆ ಮಾಡಿಸಿದೆ, ಮೊಟ್ಟೆಯಿಡಿಸಿದೆ, ಯಾರಿಗೆ ಬೇಕಿತ್ತು, ಈಗ ಹೆಗ್ಗಣದ ಬಾಯಿ ಅಚ್ಚಾಗಿ ಮಾರಾಟಕ್ಕಿದೆ, ಬನಿಯನ್ನಿನ ಮೇಲೆ, ಕಾಫಿ ಕಪ್ಪಿನ ಮೇಲೆ, ಆ ಕಪ್ಪಿನಲ್ಲಿ ಜನ ಕುಡಿಯುತ್ತಾರೆ, ಅಸಹ್ಯ. ಅದು ನನ್ನ ಕಲ್ಪನೆಯಲ್ಲ, ಎದುರು ಕೂತು ಉಣ್ಣುವವನನ್ನು ನೋಡಿ ಬರೆದದ್ದು, ನನ್ನ ಅಣ್ಣ, ಕಿಟಕಿ ಇರೋ ಕೋಣೆ ನಿನಗಿರಲಿ ಪುಟ್ಟಿ, ಚಿತ್ರಕ್ಕೆ ಬೆಳಕು ಬೇಕು ಅಂತ ತಾನು ನಡುಮನೆಗೆ ಹಾಸಿಗೆ ಎಳೆದುಕೊಂಡವನು.

ಅವನಿಗೆ ಗೊತ್ತೇ ಇರಲಿಲ್ಲ. ಹದಿನೈದು ವರ್ಷವೂ ಮೊದಲ ಕಾಮೆಂಟು ಅವನದೇ, ನೋಡೇ, ಈ ಹೆಗ್ಗಣ ಥೇಟ್ ನಮ್ಮ ಆಫೀಸಿನ ಟೈಪಿಸ್ಟ್ ಕಣೇ, ಪಕ್ಕದಲ್ಲಿ ಕೂತು ಉಣ್ಣೋಕಾಗಲ್ಲ ಅಂತ ಬಾಯಿ ತುಂಬಿಕೊಂಡೇ ಹೇಳುತ್ತಾನೆ, ಒಂದಗುಳು ನನ್ನ ತೋಳಿಗೆ, ನಗುತ್ತೇನೆ, ತೋಳು ತೊಳೆಯುತ್ತೇನೆ, ಹೋಗಿ ಅದನ್ನೇ ಬರೆಯುತ್ತೇನೆ, ನನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಅವನ ತಟ್ಟೆಯ ನೊಣ ಹುಡುಕುವವಳು ನಾನು. ಕಂಪ್ಯೂಟರಿನಲ್ಲಿ ಚಿತ್ರವೆಂದರೆ ಪದರದ ಮೇಲೆ ಪದರ, ತಳದಲ್ಲಿ ಪೆನ್ಸಿಲ್ ಕರಡು, ಮೇಲೆ ಗೆರೆ, ಬಣ್ಣ, ಸೈಟಿಗೆ ಹಾಕುವ ಮುಂಚೆ ತಳದ್ದನ್ನು ಮರೆಮಾಡಬೇಕು, ಹದಿನೈದು ವರ್ಷ ಮಾಡಿದ್ದೇನೆ, ಇವತ್ತು ಬೆಳಿಗ್ಗೆ ಮರೆತೆ. ಹೆಗ್ಗಣದ ಪಕ್ಕದಲ್ಲೇ ನನ್ನ ಅಕ್ಷರ — ಅಣ್ಣನ ಬಾಯಿ, ನಿನ್ನೆ ಊಟ, ಎಡಕ್ಕೆ ಇನ್ನಷ್ಟು ಜೊಲ್ಲು. ಇವತ್ತು ಅವನ ಕಾಮೆಂಟು ಬರಲಿಲ್ಲ. ಆಫೀಸಿಗೆ ಹೊರಟವನು ಬಾಗಿಲಲ್ಲಿ ನಿಂತ, ಪುಟ್ಟಿ, ಚಿತ್ರದಲ್ಲಿ ಪೆನ್ಸಿಲ್ ಬರಹ ಉಳ್ಕೊಂಬಿಟ್ಟಿದೆ, ಜನ ನೋಡೋಕ್ ಮುಂಚೆ ತೆಗೆದುಬಿಡು, ಅಷ್ಟೇ, ಚಪ್ಪಲಿ ಮೆಟ್ಟಿಕೊಂಡು ಹೋದ.

ಈಗ ಊಟಕ್ಕೆ ಬಂದಿದ್ದಾನೆ, ಅತ್ತಿಗೆ ಬಡಿಸುತ್ತಿದ್ದಾಳೆ, ಬಾಗಿಲು ತೆರೆದೇ ಇದೆ, ಆ ಚಪಚಪ ಎಲ್ಲಿ, ಕಿವಿ ಮುಚ್ಚಿಕೊಳ್ಳಲು ತಯಾರಾಗಿ ಕೂತಿದ್ದೇನೆ, ಇಲ್ಲ, ಯಾಕ್ರೀ, ಹಲ್ಲುನೋವಾ, ಸೌತೆಕಾಯಿ ಹಾಗೇ ಬಿಟ್ರಲ್ಲ, ಏನಿಲ್ಲ ಬಿಡು. ಬಗ್ಗಿ ನೋಡುತ್ತೇನೆ, ಚಿಕ್ಕ ಚಿಕ್ಕ ತುತ್ತು, ಎಡಗೈ ಬಾಯಿಗೆ ಅಡ್ಡ ಹಿಡಿದಿದ್ದಾನೆ, ಐವತ್ತೆರಡು ವರ್ಷದವನು, ತನ್ನ ಮನೆಯಲ್ಲಿ, ತನ್ನ ತಟ್ಟೆಯ ಮುಂದೆ, ಹೇಸಿಗೆಯಾಗುತ್ತದೆ, ನನ್ನ ಮೇಲೆ, ಈ ಕೈಯ ಮೇಲೆ, ಎದ್ದು ಹೋಗಿ ಏನು ಹೇಳಲಿ, ಅಗಿಯುತ್ತಿದ್ದಾನೆ, ಸದ್ದಿಲ್ಲ, ಎಡಗೈ ಬಾಯಿಗೆ ಅಡ್ಡ, ನುಂಗಿದ, ಮತ್ತೊಂದು ತುತ್ತು, ಎಡಗೈ ಬಾಯಿಗೆ ಅಡ್ಡ, ಎಡಗೈ —