ಒದ್ದೆಯ ತೂಕ

ಎದುರು ನಿಂತ ಹೆಂಗಸಿನ ಜಡೆಯ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಕುರ್ತಾದ ಬೆನ್ನು ಅಂಗೈಯಗಲ ಕಪ್ಪಾಗಿತ್ತು, ಒದ್ದೆ ಕೂದಲು ಎಷ್ಟು ಭಾರ ಅಲ್ಲವೇ ಎಂದು ಮೆಟ್ರೋದ ಕಂಬಿ ಹಿಡಿದು ಜೋಲುತ್ತಿದ್ದ ಪ್ರಫುಲ್ಲಾ ಸುಮ್ಮನೆ ಅಂದುಕೊಂಡಳು, ಅಂದುಕೊಂಡದ್ದೇ ಕಾರ್ಖಾನೆಯಲ್ಲಿ ತಾನು ತೂಗಿದ್ದು ನೆನಪಾಯಿತು — ಒದ್ದೆಯಾದದ್ದೆಲ್ಲ ಭಾರ, ಸ್ಟೆಂಟೂ ಭಾರ, ಹೃದಯದ ರಕ್ತನಾಳದೊಳಗೆ ಕೂರಿಸುವ ಆ ಪುಟ್ಟ ಲೋಹದ ಜಾಲರಿ, ತೊಳೆದ ಆಲ್ಕೋಹಾಲು ಅದರ ಕಂಡಿಗಳಲ್ಲಿ ಉಳಿದೇ ಇತ್ತು, ಒಣಗಿಸುವ ಓವನ್ ಇವತ್ತು ಕೆಟ್ಟಿತ್ತಲ್ಲ, ಫ್ಯಾನಿನ ಕೆಳಗೆ ಹಿಡಿದು ಒಣಗಿತೆಂದೇ ತೂಗಿದ್ದಳು, ಇಳಿಯಬೇಕಾದಷ್ಟು ತೂಕ ಇನ್ನೂ ಇಳಿದಿಲ್ಲ ಎಂದು ಮತ್ತೆ ಹೊಳಪು ಕೊಡುವ ಆಸಿಡ್ಡಿನ ತೊಟ್ಟಿಗೆ ಇಳಿಸಿದ್ದಳು, ತೂಗಿ, ಇಳಿಸಿ, ತೂಗಿ, ಇಳಿಸಿ, ಒಂದಲ್ಲ, ಇಡೀ ಟ್ರೇ. ಕಾಳಿಂದಿ ಕುಂಜ್ ಸ್ಟೇಷನ್ ದಾಟಿತು, ಕೆಳಗೆ ಯಮುನೆಯ ಮೇಲೆ ಬಿಳಿ ನೊರೆ, ಕರೆಂಟು ಬಿಟ್ಟೊಡನೆ ತೊಟ್ಟಿಯಲ್ಲೂ ಹೀಗೇ ನೊರೆಯೇಳುತ್ತದೆ, ಉಳಿಯಿಲ್ಲ, ಅರವಿಲ್ಲ, ಯಾರೂ ಮುಟ್ಟದೆ ಲೋಹದ ಮೈ ಕರಗುತ್ತದೆ, ಮೊದಲು ಒರಟೆಲ್ಲ ಹೋಗಿ ಹೊಳಪು ಬರುತ್ತದೆ, ಹೊಳಪು ಬಂದ ಮೇಲೂ ಕರಗುತ್ತಲೇ ಇರುತ್ತದೆ, ರತ್ನಮ್ಮಜ್ಜಿಯ ಕಥೆಯ ರಾಜಕುಮಾರಿಯ ಹಾಗೆ, ಕೊಳದ ಯಕ್ಷಿ ಮೀಯಿಸಿದಷ್ಟೂ ಚೆಲುವೆ, ಮೀಯಿಸಿದಷ್ಟೂ ತೆಳು, ಅರಮನೆಯವರೆಲ್ಲ ಆಹಾ ಎನ್ನುತ್ತಿದ್ದರಂತೆ, ಮದುವೆಯ ದಿನ ಪಲ್ಲಕ್ಕಿಯ ಪರದೆ ಸರಿಸಿದರೆ ಕೂತದ್ದು ಸೀರೆ ಮಾತ್ರ, ಆಮೇಲೇನಾಯ್ತಜ್ಜೀ, ಆಮೇಲೇನು, ಮಲ್ಕೋ. ಸೂಪರ್‌ವೈಸರ್ ಇಂದುಶೇಖರ ಸರ್ ಕೂಡ ಟ್ರೇ ನೋಡಿ ಆಹಾ ಎಂದರು, ನೋಡ್ರೋ, ನಮ್ಮೂರ ಹುಡುಗಿ ಕೈಯಂದ್ರೆ ಕೈ, ಮುಖ ನೋಡ್ಕೊಂಡು ಪೌಡರ್ ಹಚ್ಕೋಬಹುದು, ಎಲ್ಲರೂ ನಕ್ಕರು, ಅವಳೂ ನಕ್ಕು ಒಂದನ್ನು ಮೈಕ್ರೋಸ್ಕೋಪಿನಡಿ ಇಟ್ಟಿದ್ದಳು, ಜಾಲರಿಯ ಎಳೆ ತಿರುಗುವ ಒಂದು ಬಾಗು, ಎಳೆಗೂಸಿನ ಕೂದಲಷ್ಟು ತೆಳ್ಳಗೆ, ಮಣಿಸಿದರೆ ಮುರಿಯುವಷ್ಟು, ಬೆಳಕು ಹೊಡೆದು ಹಾಗೆ ಕಂಡಿರಬೇಕು ಎಂದುಕೊಂಡಳು, ಬೆಳಕಲ್ಲ, ಅದು ಬೆಳಕಾಗಿರಲಿಲ್ಲ.

ತಾನೇ ನಂಬರು ಒತ್ತಿ ಫೋನು ಕಿವಿಗಿಟ್ಟದ್ದೂ ಅವಳಿಗೆ ತಿಳಿಯಲಿಲ್ಲ, ಆಚೆ ಇಂದುಶೇಖರ ಸರ್, ಏನಮ್ಮಾ, ಮನೆ ಸೇರೋ ಮೊದಲೇ ಕನಸು ಶುರುವಾ, ಸರ್, ಆ ಸ್ಟೆಂಟಿನ ಪಾರ್ಸೆಲ್ಲು ಎಂದಳು, ಕೊರಿಯರ್ ಭಯ್ಯಾ ಇಲ್ಲೇ ಗೇಟಲ್ಲಿ ನಿಂತಿದಾನೆ, ನಾಳೆ ಪ್ಯಾಕಿಂಗ್ ಯೂನಿಟ್ಟಲ್ಲಿ ಸೀಲಾಗಿ ಸೀದಾ ಆಸ್ಪತ್ರೆಗೆ, ಯಾಕೆ ಕೇಳ್ತಿದೀಯ, ಸರ್, ಅದು, ತೂಗುವಾಗ ಸ್ವಲ್ಪ ಒದ್ದೆ ಇತ್ತೇನೋ ಅಂತ, ಇತ್ತಾ, ಇತ್ತೇನೋನಾ, ಸರಿಯಾಗಿ ಹೇಳು, ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ, ಆದ್ರೆ ಇಡೀ ಲಾಟ್ ಗುಜರಿಗೆ, ಮೇಲಿನವರ ಮುಂದೆ ನಿಂತು ಉತ್ತರ ಹೇಳೋಳು ನೀನೇ, ಇನ್ನೂ ಕೆಲಸ ಖಾಯಂ ಆಗಿಲ್ಲ ನಿಂದು, ನೆನಪಿರಲಿ. ಅವರ ಹಿಂದೆ ಯಾರೋ ಚಲೋ ಸರ್‌ಜೀ, ದೇರ್ ಹೋ ರಹೀ ಹೈ ಎಂದು ಅವಸರಿಸಿದರು, ಇತ್ತು ಸರ್, ನಿಲ್ಲಿಸಿ ಸರ್, ಎರಡೇ ಮಾತು, ನಾಲಗೆಯ ಮೇಲೇ ಇದ್ದವು, ಆ ಬಾಗು ಕಣ್ಣೆದುರು ಬಂತು, ಊರಲ್ಲಿ ಅಪ್ಪ ದೆಹಲಿ ಇಂಜಿನಿಯರ್ ನಮ್ಮ ಮಗಳು ಎಂದು ಅಂಗಡಿಯಲ್ಲಿ ಹೇಳುತ್ತಿರುವ ದನಿ ಬಂತು, ಮತ್ತೆ ಆ ಬಾಗು, ಹಲೋ, ಇದ್ದೀಯಾ, ಇದ್ದೀನಿ ಸರ್, ಏನಿಲ್ಲ, ಸುಮ್ನೆ ಕೇಳ್ದೆ, ಕಳ್ಸಿಬಿಡಿ.

ಅಚ್ಛಾ, ಎಂದು ಅವರು ಇಟ್ಟರು, ಬಾಗಿಲು ತೆರೆಯಿತು, ಜನ ಇಳಿದರು, ಹತ್ತಿದರು, ಅವಳ ಸ್ಟೇಷನ್ ಇದೇ ಇರಬೇಕು, ಅವಳು ಕಂಬಿ ಬಿಡಲಿಲ್ಲ, ಹೆಸರು ಗೊತ್ತಿಲ್ಲದ ಯಾರದೋ ಎದೆಯ ಕತ್ತಲಲ್ಲಿ ಆ ಹೊಳೆಯುವ ಬಾಗು, ಒಂದು ಮಿಡಿತಕ್ಕೆ ಮಣಿದು, ನೆಟ್ಟಗಾಗಿ, ಮಣಿದು, ನೆಟ್ಟಗಾಗಿ, ಮಣಿದು —